ಸವತಿಯ ಬೇವು

ನನ್ನ ಗಂಡ ಅನಂತರಾಜುವಿನ ಮೊದಲ ಹೆಂಡತಿ ಚೈತ್ರ ಹೆರಿಗೆಯಲ್ಲಿ ಸತ್ತಳು, ಮಗುವೂ ಉಳಿಯಲಿಲ್ಲ. ಇಬ್ಬರನ್ನೂ ಮಣ್ಣು ಮಾಡಿದ್ದು ಕೆಂಪಾಪುರದ ನಮ್ಮದೇ ಜಾಗದಲ್ಲಿ. ಸುತ್ತ ಬಾಡಿಗೆ ಮನೆಗಳು ಎದ್ದರೂ ಆ ಮೂಲೆಯನ್ನು ಅವರು ಯಾರಿಗೂ ಮುಟ್ಟಗೊಡಲಿಲ್ಲ. ಸಮಾಧಿಯ ತಲೆದೆಸೆಯಲ್ಲಿ ಒಂದು ಬೇವಿನ ಮರವಿದೆ.

ಎರಡನೆಯವಳಾಗಿ ಬಂದ ನನ್ನ ಕೊರಳಿಗೆ ಅತ್ತೆ ಮುನಿವೆಂಕಟಮ್ಮ ತಾಳಿಯ ಜೊತೆಗೆ ಸವತಿಯ ಹೆಸರಿನ ಒಂದು ಚಿನ್ನದ ಬಿಲ್ಲೆಯನ್ನೂ ಕಟ್ಟಿಸಿದರು. ಸತ್ತವಳು ಕಾಡಬಾರದು ಎಂದು ಈ ಶಾಸ್ತ್ರ. ಬದುಕಿದ್ದ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇವಳು ನನ್ನ ಎದೆಯ ಮೇಲೇ ಮಲಗುತ್ತಿದ್ದಳು, ಒಂದು ಮಾತಿಲ್ಲ.

ವರ್ಷಗಳು ಕಳೆದರೂ ನಾನು ಬಸಿರಾಗಲಿಲ್ಲ. ಅತ್ತೆ ಬಿಲ್ಲೆಯನ್ನೇ ದಿಟ್ಟಿಸಿ, "ಅವ್ಳು ಬಿಡ್ತಿಲ್ಲ ಕಣಮ್ಮ. ಸೀರೆ ಇಟ್ಟು ಕೇಳ್ಕೊ," ಎಂದರು. ಸಮಾಧಿಯ ಮುಂದೆ ಸೀರೆ ಇಟ್ಟೆ, ಹೋಳಿಗೆ ಇಟ್ಟೆ. 'ಅಕ್ಕಾ, ಒಂದೇ ಒಂದು ಮಗು ಕೊಡು' ಎಂದು ಕಣ್ಣೀರಿಟ್ಟೆ. ಅತ್ತು ಎದ್ದು, ಅದೇ ಮರದ ಸೊಪ್ಪು ಕಿತ್ತು ತಂದು ಅರೆದು, ರಸವನ್ನು ಗಂಡನಿಗೆ ಕೊಡುತ್ತಿದ್ದೆ. ಶುಗರ್‌ಗೆ ಒಳ್ಳೆಯದೆಂದು ಅವರು ದಿನಾ ಬೆಳಿಗ್ಗೆ ಕುಡಿಯುತ್ತಿದ್ದರು.

ಸಂಜಯನಗರದ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ತೊಂದರೆ ನನ್ನದಲ್ಲ, ಗಂಡನದು ಎಂದರು. "ದಿನಾ ಬೇವಿನ ರಸಾನಾ? ಗಂಡಿಲಿಗಳಿಗೆ ಕೊಟ್ಟು ನೋಡ್ದಾಗ ವೀರ್ಯಾಣು ಕಮ್ಮಿ ಆಗಿದೆ. ಮನುಷ್ಯರ ವಿಷ್ಯ ಖಚಿತವಾಗಿ ಗೊತ್ತಿಲ್ಲ. ನಿಲ್ಸಿ ನೋಡೋಣ."

ನನ್ನ ಕೈಯಾರೆ ಅರೆದು ಕೊಟ್ಟಿದ್ದೆನಲ್ಲ! ಮನೆಗೆ ಬಂದವಳೇ ಅರೆಯುವ ಕಲ್ಲನ್ನು ತೊಳೆದು ಅಟ್ಟಕ್ಕೆ ಹಾಕಿದೆ. ಆದರೆ ತಿಂಗಳುಗಳ ನಂತರ ಮಾಡಿಸಿದ ಪರೀಕ್ಷೆಯಲ್ಲೂ ಒಂದಿಷ್ಟೂ ಬದಲಾವಣೆ ಇರಲಿಲ್ಲ.

"ನಾನ್ ಯೋಳ್ಲಿಲ್ವಾ? ಅವ್ಳೇ," ಎಂದರು ಅತ್ತೆ.

ಮರುದಿನ ನಸುಕಿನಲ್ಲೇ ಇನ್ನೊಂದು ಸೀರೆ ಹಿಡಿದು ಸಮಾಧಿಗೆ ಹೋದೆ. ಮರದ ಕೆಳಗೆ ಯಾರೋ ನಿಂತಿದ್ದರು. ಹತ್ತಿರ ಹೋಗಿ ನೋಡಿದರೆ ಅನಂತರಾಜು. ಕೊಂಬೆ ಬಗ್ಗಿಸಿ, ಮೇಕೆ ಮೇಯುವ ಹಾಗೆ ಎಲೆ ಮೇಯುತ್ತಿದ್ದರು. ತುಟಿಯೆಲ್ಲ ಹಸಿರು.

"ಶುಗರ್ ಗಿಗರ್ ಏನಿಲ್ಲ ಗಂಗಾ," ಎಂದರು. "ಮಕ್ಳಾಗ್ದಿರ್ಲಿ ಅಂತ ನಾಟಿ ವೈದ್ಯರನ್ನ ಕೇಳ್ಕೊಂಡೇ ಶುರು ಮಾಡಿದ್ದು. ಇನ್ನೊಬ್ಳನ್ನ ಆಸ್ಪತ್ರೆಯಿಂದ ಹೊತ್ಕೊಂಡ್ ಬರೋಕೆ ನನ್ ಕೈಲಿ ಆಗಲ್ಲ ಕಣೇ. ಕಣ್ಮುಚ್ಚಿದ್ರೆ ಸಾಕು, ಅವ್ಳ ಜಾಗದಲ್ಲಿ ನೀನ್ ಮಲಗಿರ್ತೀಯ."

"ನನ್ನನ್ನ ಒಂದ್ ಮಾತು ಕೇಳಿದ್ರಾ?" ಎಂದೆ. "ಪಾಪ, ಸತ್ತೋಳ ಮೇಲೆ ಗೂಬೆ ಕೂರಿಸ್ತಿದ್ವಿ."

ಬಿಲ್ಲೆಯನ್ನು ನನ್ನ ಸರದಿಂದ ಬಿಡಿಸಿ ಅವರ ಅಂಗೈಗೆ ಹಾಕಿದೆ. "ಅವ್ಳು ಮೆಟ್ಕೊಂಡಿರೋದು ನನ್ನನ್ನಲ್ಲ ಕಣ್ರೀ, ನಿಮ್ಮನ್ನ. ನೀವೇ ಕಟ್ಕೊಳಿ."

ಬೈಯುತ್ತಾರೆ, ಅಳುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದುಕೊಂಡಿದ್ದೆ. ಅವರು ಬಿಲ್ಲೆಯನ್ನು ತಮ್ಮ ಕೊರಳಿನ ಚೈನಿಗೆ ಪೋಣಿಸಿಕೊಂಡು, ಅಂಗಿಯೊಳಗೆ ಬಿಟ್ಟು, ಕೊಂಬೆಯನ್ನು ಮತ್ತೆ ಬಗ್ಗಿಸಿದರು.