ಹಸಿರು ಬಾಟಲಿ ಬಳಗದಲ್ಲಿ ಗುಣವಾಗದವರು ಎಲ್ಲಿ ಹೋದರು?

ಸುನೀಲನಿಗೆ ಕ್ಷಯದ ಮಾತ್ರೆ ಶುರುವಾಗಿ ಮೂರನೇ ತಿಂಗಳು. ಹಲಸೂರಿನ ಓಣಿಗಳಲ್ಲಿ ನೀರಿನ ಕ್ಯಾನ್ ಹೊತ್ತು ಮಹಡಿ ಹತ್ತುವ ಕೆಲಸ ಅವನದು. ಕೆಮ್ಮು ಇಳಿದಿತ್ತು, ಮೈ ತುಸು ತುಂಬಿಕೊಂಡಿತ್ತು. ಆದರೆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಒಂದಕ್ಕೆ ಹೋದರೆ ಕೆಂಪು ಬಣ್ಣ. ಅದು ತಿಳಿದ ದಿನದಿಂದ ಹೆಂಡತಿ ಯಮುನಾಳ ಜೀವ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಅವಳಿಗೆ ಸಮಾಧಾನ ಹೇಳಿದವರು ಸಿ.ವಿ. ರಾಮನ್ ನಗರದ ಪ್ರೇಮ್‌ಕುಮಾರ್. ಬಿಳಿ ಜುಬ್ಬ, ಮೆಲುಮಾತು. ಹಸಿರು ಬಾಟಲಿಯಲ್ಲಿ ಬಿಸಿಲಿಗಿಟ್ಟ ನೀರು ಕುಡಿದು ಅವರ ಬೆನ್ನುನೋವು ಹೋಗಿತ್ತಂತೆ. ನೋವು ತಾನಾಗಿಯೂ ಹೋಗಿರಬಹುದು. ಅವರು ಹಾಗೆ ಯೋಚಿಸಲಿಲ್ಲ. ಒಂದು ವಿಡಿಯೊ ಮಾಡಿದರು. ನಾಲ್ಕು ಜನ ಬಂದರು, ನಾಲ್ಕು ನಾನೂರಾಯಿತು. ಬೆನ್ನುನೋವಿನ ನೀರು ಸಕ್ಕರೆ ಕಾಯಿಲೆಗೂ ಆಯಿತು, ಕ್ಷಯಕ್ಕೂ ಆಯಿತು. ‘ಹಸಿರು ಬಾಟಲಿ ಬಳಗ’ ಎಂದು ಹೆಸರು ಬಂತು, ಹೆಸರಿನ ಹಿಂದೆಯೇ ನಿಯಮ ಬಂತು. ಮಾತ್ರೆ ಮುಟ್ಟಬಾರದು. ಸಂಶಯದ ಮಾತು ಆಡಬಾರದು, ಒಬ್ಬರು ಆಡಿದರೂ ಎಲ್ಲರ ನೀರು ಕೆಡುತ್ತದೆ.

“ಕೆಂಪು ಅಂದ್ರೆ ಮಾತ್ರೆ ನಿಮ್ಮ ಯಜಮಾನರ ರಕ್ತ ಸುಡ್ತಿದೆ ಕಣಮ್ಮ,” ಎಂದರು ಅವರು. ಒಂದು ಪೈಸೆ ಕೇಳಲಿಲ್ಲ. ಏನೂ ಕೇಳದವರನ್ನು ನಂಬದಿರುವುದು ಹೇಗೆ? ಯಮುನಾ ನಂಬಿದಳು. ಹೊಟ್ಟೆ ತೊಳಸುವುದು ತಪ್ಪಿತೆಂದು ಸುನೀಲನೂ ಮಾತ್ರೆ ಬಿಟ್ಟು ಬಾಟಲಿ ನೀರು ಕುಡಿಯತೊಡಗಿದ. ಬಳಗದ ವಾಟ್ಸಾಪ್ ಗುಂಪನ್ನು ನೋಡಿಕೊಳ್ಳುವ ಕೆಲಸವನ್ನೂ ಒಪ್ಪಿಕೊಂಡಳು.

ಆಶಾ ಕಾರ್ಯಕರ್ತೆ ಜಹನಾರಾ ಆಗಾಗ ಬಂದು ಖಾಲಿಯಾದ ಮಾತ್ರೆ ಶೀಟು ನೋಡುತ್ತಿದ್ದಳು. ಅದಕ್ಕೆಂದೇ ಯಮುನಾ ದಿನವೂ ಮಾತ್ರೆ ಒತ್ತಿ ತೆಗೆದು ಬಚ್ಚಲಿಗೆ ಹಾಕಿ, ಖಾಲಿ ಶೀಟನ್ನು ಜೋಪಾನವಾಗಿ ಎತ್ತಿಡತೊಡಗಿದಳು.

ಹೀಗೆ ಹನ್ನೊಂದು ದಿನ ಕಳೆದ ಮೇಲೆ ಜಹನಾರಾ ಬಂದಳು. ಶೀಟು ನೋಡಿ “ಶಭಾಶ್!” ಎಂದಳು. “ಇನ್ನೂ ಕೆಂಪು ಹೋಗ್ತಿದೆಯೇನೋ ಸುನೀಲ?”

“ಎಲ್ಲಿ ಕೆಂಪು ಜಹನಾರಾಕ್ಕ? ಈಗ ನಮ್ ಕ್ಯಾನ್ ನೀರಿದ್ದಂಗಿದೆ. ಬೇಕಾದ್ರೆ ಡೆಲಿವರಿ ಕೊಡ್ತೀನಿ!”

ಜಹನಾರಾ ನಗಲಿಲ್ಲ. “ಆ ಕೆಂಪು ಮಾತ್ರೆದೇ ಬಣ್ಣ ಕಣೋ. ಅದ್ರಿಂದ ತೊಂದ್ರೆ ಏನಿಲ್ಲ. ಮೊದ್ಲೇ ಬಿಡಿಸಿ ಹೇಳ್ಬೇಕಿತ್ತು, ನನ್ನದೂ ತಪ್ಪು. ಆದ್ರೆ ಅದು ನಿಂತೋಗಿದೆ ಅಂದ್ರೆ... ಯಮುನಾ, ಮಾತ್ರೆ ಎಲ್ಲಿ ಹೋಯ್ತು?”

“ಬಚ್ಚಲಿಗೆ!” ಯಮುನಾಳ ದನಿ ಏರಿತು. “ನಾನೇ ಹಾಕ್ದೆ. ನಮ್ ಬಳಗದಲ್ಲಿ ನಾನೂರು ಜನ ಇದಾರೆ, ಒಬ್ರಿಗೂ ಕಾಯಿಲೆ ಜಾಸ್ತಿ ಆಗಿಲ್ಲ. ನೋಡಿ!”

ಜಹನಾರಾ ಫೋನ್ ಇಸಿದುಕೊಂಡು ಗುಂಪಿನ ಸಂದೇಶ ಓದಿದಳು. ಗುಣವಾಯಿತು, ಹಗುರವಾಯಿತು, ಗುರುಗಳಿಗೆ ನಮಸ್ಕಾರ.

“ಅರೆ, ನಮ್ ದೊಡ್ಡಾಸ್ಪತ್ರೇಲೂ ಕೆಲವ್ರಿಗೆ ಜಾಸ್ತಿ ಆಗುತ್ತೆ. ಇಲ್ಲಿ ಜಾಸ್ತಿ ಆದೋರು ಎಲ್ಲಿಗೆ ಹೋದ್ರು ಬೇಟಿ?”

ಉತ್ತರ ಯಮುನಾಳಿಗೆ ಗೊತ್ತಿತ್ತು. ‘ಸಂಶಯದವರು’ ಎಂದು ಪ್ರೇಮ್‌ಕುಮಾರ್ ಕಳಿಸಿದ ನಂಬರುಗಳನ್ನು ಗುಂಪಿನಿಂದ ತೆಗೆದುಹಾಕುತ್ತಿದ್ದವಳು ಅವಳೇ. ಕಳೆದ ಭಾನುವಾರ ಪಕ್ಕದ ಬೀದಿಯ ಮುನಿಶಾಮಿ ತಾತನನ್ನು ತೆಗೆದಿದ್ದಳು. ಕೆಮ್ಮಿದರೆ ರಕ್ತ ಬರುತ್ತಿದೆ, ಏನು ಮಾಡಲಿ ಎಂದು ತಾತ ಕೇಳಿದ್ದರು, ಅಷ್ಟೇ.

ಅವಳು ತಾತನ ನಂಬರು ಒತ್ತಿದಳು. ಎತ್ತಿದವಳು ಸೊಸೆ. “ಮಾವ ಆಸ್ಪತ್ರೇಲಿದಾರೆ. ಆಕ್ಸಿಜನ್ ಹಾಕಿದಾರೆ. ನಾನೂರು ಜನ ಅಂತಿದ್ರಿ, ಒಬ್ರೂ ಕೇಳ್ಲಿಲ್ವಲ್ರೀ.”

ಸೊಸೆ ಹೇಳಿದ್ದನ್ನು ಯಮುನಾ ಇಬ್ಬರಿಗೂ ತಿಳಿಸಿದಳು. ನಾಲ್ಕು ವರ್ಷದ ಮಗಳು ಅಪ್ಪನ ತೊಡೆಯ ಮೇಲೆ ಕುಳಿತು ಅವನ ಗಡ್ಡ ಎಳೆಯುತ್ತಿದ್ದಳು.

“ನಾನ್ ಆರಾಮಾಗಿದೀನಲ್ಲ,” ಎಂದ ಸುನೀಲ. ಅವನ ದನಿಯಲ್ಲಿ ಮೊದಲಿನ ತಮಾಷೆ ಇರಲಿಲ್ಲ.

“ಅದು ಇಷ್ಟು ದಿನ ನುಂಗಿದ ಮಾತ್ರೆ ಕೊಟ್ಟ ಆರಾಮ. ಅರ್ಧಕ್ಕೆ ಬಿಟ್ರೆ ಉಳಿದ ಕ್ರಿಮಿ ಬಲಿಯುತ್ತೆ, ಆಮೇಲೆ ಇದೇ ಮಾತ್ರೆಗೆ ಬಗ್ಗದೇ ಇರ್ಬಹುದು. ಮಗುಗೂ ಹರಡ್ಬಹುದು.”

“ಡಾಕ್ಟ್ರು ಬೈತಾರೆ, ಅಕ್ಕ,” ಎಂದ ಸುನೀಲ.

“ಬೈದ್ರೆ ನನ್ನ ಬೈಲಿ. ಚಪ್ಪಲಿ ಹಾಕ್ಕೋ, ನಡಿ.”

ಡಾಕ್ಟರು ಬೈಯಲಿಲ್ಲ. ಎಷ್ಟು ದಿನ ತಪ್ಪಿದೆ ಎಂದು ಕೇಳಿ ಬರೆದುಕೊಂಡರು, ಮತ್ತೆ ಕಫ ಪರೀಕ್ಷೆಗೆ ಕಳಿಸಿದರು, ಮಗುವನ್ನೂ ನೋಡಿದರು. ಅವರು ಹೇಳಿದಂತೆ ಸುನೀಲ ಅಂದೇ ಮಾತ್ರೆ ನುಂಗಿದ, ಹೆಂಡತಿಯ ಎದುರಿಗೇ. ವಾಕರಿಕೆಗೂ ಬೇರೆ ಮಾತ್ರೆ ಸಿಕ್ಕಿತು. ಇಷ್ಟು ದಿನ ಅದನ್ನು ಯಾರೂ ಕೇಳಿರಲೇ ಇಲ್ಲ!

ಯಮುನಾಳಿಗೆ ಮಾತ್ರ ಸುಮ್ಮನೆ ಕೂರಲಾಗಲಿಲ್ಲ. ತಾನು ತೆಗೆದುಹಾಕಿದ ಹದಿನಾಲ್ಕು ನಂಬರುಗಳನ್ನು ಹುಡುಕಿ ಬರೆದುಕೊಂಡು, ಆಸ್ಪತ್ರೆಯ ಬೆಂಚಿನ ಮೇಲಿಂದಲೇ ಒಬ್ಬೊಬ್ಬರಿಗೂ ಫೋನ್ ಮಾಡಿದಳು. “ನಾನು ಯಮುನಾ. ನಿಮ್ಮನ್ನ ಗುಂಪಿಂದ ತೆಗೆದೋಳು. ಹೇಗಿದೀರಾ? ಮಾತ್ರೆ ಬಿಟ್ಟಿದ್ರೆ ಇವತ್ತೇ ಡಾಕ್ಟ್ರ ಹತ್ರ ಹೋಗಿ.” ಇಬ್ಬರು ಬೈದರು. ಮೂವರು ಎತ್ತಲಿಲ್ಲ. ಒಬ್ಬಾಕೆ ಅತ್ತು, ಆಸ್ಪತ್ರೆಯ ವಿಳಾಸ ಕೇಳಿ ಬರೆದುಕೊಂಡಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಫೋನಿನಲ್ಲೂ ಇಂಥ ಗುಂಪು ಇರಬಹುದು. ಹೇಳುವವರು ಒಳ್ಳೆಯವರೇ ಇರಬಹುದು, ದುಡ್ಡು ಕೇಳದೆಯೂ ಇರಬಹುದು. ಆದರೂ ಒಂದು ಮಾತು ಕೇಳಿ: ಇಲ್ಲಿ ಗುಣವಾಗದವರು ಯಾರು, ಅವರು ಈಗ ಎಲ್ಲಿದ್ದಾರೆ? ಕೇಳಿದ್ದಕ್ಕೇ ಸಿಟ್ಟಾದರೆ ಅಲ್ಲಿಂದ ಎದ್ದು ಬನ್ನಿ. ಕ್ಷಯದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಡಾಕ್ಟರು ಸಾಕು ಎನ್ನುವವರೆಗೆ ಬಿಡಬೇಡಿ. ಈಗಾಗಲೇ ಬಿಟ್ಟಿದ್ದರೆ ನಾಚಿಕೆ ಬೇಡ, ಹೆದರಿಕೆ ಬೇಡ. ಈ ಕಾಗದ ಮಡಿಚಿಟ್ಟು, ಇವತ್ತೇ ಹೊರಡಿ.