ಹತ್ತನೆಯ ತಲೆ

"ಒಂದು ದಿನ ಹಿಂದೆ ಮುಂದೆ ಆದ್ರೆ ಸತ್ತೋರಿಗೇನು ಗೊತ್ತಾಗತ್ತಮ್ಮಾ?" ಎಂದು ಧರ್ಮಗುರು ರಬ್ಬಿ ವೈಲ್ ಗಡ್ಡ ನೀವಿಕೊಂಡ.

"ಗೊತ್ತಾಗಲ್ಲ ಅಂದ್ರೆ ವರ್ಷವರ್ಷ ಅವ್ರ ಹೆಸರಲ್ಲಿ ದೀಪ ಯಾಕೆ ಹಚ್ಚೋದು?" ಎಂದಳು ಹುಲ್ದಾ ಸಾಲ್ಮನ್ಸನ್.

ಎಂಬತ್ತನಾಲ್ಕರ ಮುದುಕಿ ಮಂಜುಗಡ್ಡೆಯ ಮೇಲೆ ನಡೆದು ಬಂದಿದ್ದಳು. ಅವನು ಕೂರು ಅನ್ನಲೂ ಇಲ್ಲ. ಅವಳ ಗಂಡ ಜೂಲಿಯಸ್ ಹನ್ನೆರಡು ವರ್ಷದ ಹಿಂದೆ ಡಿಸೆಂಬರಿನ ಒಂದು ಸಂಜೆ ನಾಲ್ಕೂಕಾಲಿಗೆ ತೀರಿಕೊಂಡಿದ್ದ. ನಮ್ಮ ಯೆಹೂದಿ ಲೆಕ್ಕದಲ್ಲಿ ಕತ್ತಲಾದರೆ ಮರುದಿನ ಶುರು. ಈ ಉತ್ತರದ ಊರಿನಲ್ಲಿ ಡಿಸೆಂಬರಿನ ಸೂರ್ಯ ಎರಡೂವರೆಯೊಳಗೆ ಗಂಟುಮೂಟೆ ಕಟ್ಟುತ್ತಾನೆ. ವೈಲ್ ಆಗಷ್ಟೇ ಸ್ಟ್ರಾಸ್‌ಬರ್ಗ್‌ನಿಂದ ಬಂದಿಳಿದಿದ್ದ. ಕಿಟಕಿಯಾಚೆ ನಕ್ಷತ್ರ ಮೂಡಿದ್ದರೂ ತಲೆ ಎತ್ತಿ ನೋಡದೆ, ತನ್ನೂರಿನ ಪಂಚಾಂಗ ಬಿಡಿಸಿ, ನಾಲ್ಕೂಕಾಲೆಂದರೆ ಇನ್ನೂ ಹಗಲು ಎಂದು ಹಿಂದಿನ ತಿಥಿಯನ್ನೇ ಬರೆದುಕೊಟ್ಟ. ಗೋರಿಯ ಕಲ್ಲಿನ ಮೇಲೂ ಅದೇ ಕೊರೆದರು.

ತಪ್ಪು ಸಿಕ್ಕಿಬಿದ್ದದ್ದು ಈ ತಿಂಗಳು. ಮೀನಂಗಡಿಯ ಇಸ್ಸರ್ ಬ್ರೋಡಾನ ತಂಗಿ ಅದೇ ನಾಲ್ಕೂಕಾಲಿಗೆ ಸತ್ತಾಗ ರಬ್ಬಿ ಮರುದಿನದ ತಿಥಿ ಹೇಳಿದ್ದ. ಅಷ್ಟರಲ್ಲಿ ಅವನಿಗೆ ಇಲ್ಲಿನ ಸೂರ್ಯನ ಪರಿಚಯವಾಗಿತ್ತು. ಹಳೆಯದನ್ನು ತಿದ್ದುವ ಯೋಚನೆ ಮಾತ್ರ ಅವನ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನುಂಗಿಕೊಂಡಿರುತ್ತಾನೆ, ಅಂಥ ಆಸಾಮಿ.

"ಮೂರು ಸಲ ಮಾಡಿದ್ರೆ ಅದೇ ಪದ್ಧತಿ ಆಗತ್ತೆ. ನೀವು ಹನ್ನೊಂದು ವರ್ಷ ಮಾಡಿದ್ದೀರಿ," ಎಂದು ಅವನು ಶಾಸ್ತ್ರ ತೆಗೆದ.

"ಬದುಕಿದ್ದೋರಿಗೆ ಹನ್ನೊಂದು ವರ್ಷ ತಿಥಿ ಮಾಡಿಸಿದ್ರಿ ನೀವು. ನೀವು ದೀಪ ಹಚ್ಚಿಸೋದು ಸಾಯೋ ಹಿಂದಿನ ಸಂಜೆ, ಆಗ ನಮ್ಮೆಜಮಾನ್ರು ಸೂಪಿಗೆ ಉಪ್ಪು ಸಾಲ್ದು ಅಂತ ನನ್ನ ಬೈತಾ ಇದ್ರು. ಮುಂದಿನ ವರ್ಷಕ್ಕೆ ನಾನಿರ್ತೀನೋ ಇಲ್ವೋ. ಈ ಸಲ ಒಂದೇ ಒಂದು ಸಲ ಸರಿಯಾದ ದಿನ ಪ್ರಾರ್ಥನೆ ಆಗ್ಲಿ."

ಆಗುವುದಿಲ್ಲ ಎಂದ. ಒಬ್ಬರದು ತಿದ್ದಿದರೆ ಎಲ್ಲರೂ ತಂತಮ್ಮ ಕಲ್ಲು ಹೊತ್ತುಕೊಂಡು ಬರುತ್ತಾರಂತೆ, ಸಭೆಯ ನಂಬಿಕೆ ಸಡಿಲವಾಗುತ್ತದಂತೆ. ನಂಬಿಕೆ ಎಂದು ಅವನು ಕರೆಯುತ್ತಿದ್ದದ್ದು ತನ್ನ ಮಾನವನ್ನು.

ಸತ್ತವರ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ವಾರದ ದಿನಗಳಲ್ಲಿ ಜನ ಸೇರುವುದು ರಬ್ಬಿ ಫೋನು ಮಾಡಿ ಕರೆದರೆ ಮಾತ್ರ. ಅವನು ಮಾಡಲಿಲ್ಲ. ಹುಲ್ದಾ ತಾನೇ ಮನೆಮನೆ ಸುತ್ತಿದಳು. ಸರಿಯಾದ ತಿಥಿ ಶುರುವಾಗುವ ದಿನ, ಕತ್ತಲಾದ ಮೇಲೆ ಮೂರೂವರೆಗೆ, ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಕೆಮ್ಮುತ್ತ, ಮೂಗು ಒರೆಸುತ್ತ ಒಂಬತ್ತು ಜನ ಕೂತಿದ್ದರು. ಹತ್ತನೆಯವನು ಪಕ್ಕದ ಕೋಣೆಯಲ್ಲಿ ಕೋಟು ಹಾಕಿಕೊಂಡು ಮನೆಗೆ ಹೊರಟಿದ್ದ.

ಬ್ರೋಡಾ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ. ಮೀನಿನ ವಾಸನೆಗೆ ರಬ್ಬಿ ಒಂದು ಹೆಜ್ಜೆ ಹಿಂದೆ ಸರಿದ.

"ಬನ್ನಿ ರಬ್ಬಿಗಳೇ. ನೀವೇನೂ ಹೇಳ್ಬೇಡಿ, ಪ್ರಾರ್ಥನೆ ನಾನೇ ಹೇಳ್ತೀನಿ. ನೀವು ಸುಮ್ನೆ ಕೂತ್ಕೊಳ್ಳಿ. ಲೆಕ್ಕಕ್ಕೆ ತಲೆ ಇದ್ರೆ ಸಾಕು, ಒಳಗೇನಿದೆ ಅಂತ ಯಾರೂ ಕೇಳಲ್ಲ."

ಒಂಬತ್ತೂ ಮುಖಗಳು ಇತ್ತಲೇ ನೋಡುತ್ತಿದ್ದವು. ಹೊರಟರೆ ಮುದುಕಿಯ ಪ್ರಾರ್ಥನೆ ಕೆಡಿಸಿದವನೆಂಬ ಹೆಸರು, ಕೂತರೆ ತಪ್ಪು ಒಪ್ಪಿಕೊಂಡಂತೆ. ಯಾವುದರಲ್ಲಿ ಮಾನ ಕಡಿಮೆ ಹೋಗುತ್ತದೆಂದು ತೂಗಿ ನೋಡಿ, ಅವನು ಬಂದು ಕೊನೆಯ ಬೆಂಚಿನಲ್ಲಿ ಕೂತ.

ಹುಲ್ದಾ ಕಡ್ಡಿ ಗೀರಿ ದೀಪ ಹಚ್ಚಿದಳು. ಬ್ರೋಡಾ ಎರಡು ಕಡೆ ತಡವರಿಸಿದರೂ ಹೇಳಿ ಮುಗಿಸಿದ. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವನು ರಬ್ಬಿಯೇ. ನಾಚಿಕೆಗೆಟ್ಟವನು, ಏರ್ಪಾಡೆಲ್ಲ ತನ್ನದೇ ಎಂಬಂತೆ ಗಂಟಲು ಏರಿಸಿದ್ದ.

ಮುಗಿದ ಮೇಲೆ ಮುಂದೆ ಬಂದು, ಎಲ್ಲರಿಗೂ ಕಾಣುವ ಹಾಗೆ ಕೈಕುಲುಕಲು ಹುಲ್ದಾಳತ್ತ ಕೈ ಚಾಚಿದ. ಅವಳು ಅವನ ಅಂಗೈಯಲ್ಲಿ, ತನ್ನ ಬೆರಳಲ್ಲೇ ಉಳಿದಿದ್ದ, ಉರಿದು ಕಪ್ಪಾದ ಬೆಂಕಿಕಡ್ಡಿಯನ್ನಿಟ್ಟು ಸ್ಕಾರ್ಫು ಸುತ್ತಿಕೊಳ್ಳತೊಡಗಿದಳು. ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅವನು ಸುತ್ತ ನೋಡಿದ. ಯಾರೂ ಕೈ ನೀಡಲಿಲ್ಲ.