ಜಾಕೀಟಿನೊಳಗಿನ ಪುಕ್ಕ

ಬಾಹುಬಲಿ ಅಂಗಿಯ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಕೌಂಟರಿನ ಮೇಲೆ ಬಿಚ್ಚಿಟ್ಟರು. ಅದರೊಳಗೆ ಉಗುರಿನಷ್ಟು ಬಿಳೀ ಪುಕ್ಕ.

"ಇದು ನಿಮ್ಮ ಜಾಕೀಟಿನ ತೋಳಿನ್ಯಾಗಿಂದ ಹೊರಗ ಬಂದೈತಿ. ಏನಿದು, ಹೇಳ್ರಿ."

ಸಂಗ್ರಾಮ ಪುಕ್ಕವನ್ನು ನೋಡಿದ, ಆಮೇಲೆ ಅವರ ಹಿಂದೆ ನಿಂತಿದ್ದ ಮಗಳು ಬ್ರಾಹ್ಮಿಯನ್ನು. ನಿಪ್ಪಾಣಿಯ ಬಸ್ ಸ್ಟ್ಯಾಂಡಿನ ಎದುರು ಅವನ ಅಪ್ಪ ಛತ್ರಿ, ರೇನಕೋಟು ಮಾರುತ್ತಿದ್ದ ಅಂಗಡಿ ಅದು. ಐತವಾರಕ್ಕೊಮ್ಮೆ ಕೋಟೆ ಹತ್ತುವ ಹುಚ್ಚು ಹಿಡಿದ ಮೇಲೆ ಮಗ ಅದರಲ್ಲಿ ಗುಡ್ಡ ಹತ್ತುವವರ ಸಾಮಾನೂ ತುಂಬಿದ್ದ.

"ಬಾತುಕೋಳಿ ಪುಕ್ಕರಿ ಕಾಕಾ. ಒಳಗ ಅದನ್ನ ತುಂಬಿರ್ತಾರ. ಈ ಅಕ್ಕಾರಿಗೆ ಹೇಳೇ ಕೊಟ್ಟೇನಲ್ಲ." ಅವನು ವಾಪಸು ಬಂದಿದ್ದ ಜಾಕೀಟಿನ ಒಳಮಗ್ಗುಲು ತಿರುವಿ ಹುಡುಕಿದ. "ಇಲ್ಲೇ ಪಟ್ಟಿ ಮ್ಯಾಲ ಬರದಿರತೈತಿ ನೋಡ್ರಿ... ಅರೇ! ಯಾರೋ ಕತ್ತರಿಸ್ಯಾರಲ್ಲ?"

ಹೊಲಿಗೆಯ ಅಂಚಿನಲ್ಲಿ ಕತ್ತರಿ ಆಡಿದ ಗುರುತು ಚೊಕ್ಕವಾಗಿ ಕಾಣುತ್ತಿತ್ತು. ಬ್ರಾಹ್ಮಿ ಸೆರಗು ಸರಿಮಾಡಿಕೊಂಡಳು.

ಬಾಹುಬಲಿ ಮಗಳ ಕಡೆ ತಿರುಗಲಿಲ್ಲ. "ಮೂರು ದಿವ್ಸ ಹಾಕ್ಕೊಂಡೇನಿ," ಅಂದರು ಮೆಲ್ಲಗೆ. "ಹಾಕ್ಕೊಂಡು ಬಸದಿಗೆ ಹೋಗೇನಿ."

ನಲವತ್ತು ವರ್ಷ ತಂಬಾಕಿನ ವಖಾರಿಯ ಧೂಳು ಕುಡಿದ ಎದೆ ಅವರದು. ಹಾಗಂತ ಒಂದು ಬೀಡಿ ಸೇದಿದವರಲ್ಲ. ಝಾರ್ಖಂಡದ ಜೈನ ತೀರ್ಥ ಸಮ್ಮೇದ ಶಿಖರಜಿಯ ಗುಡ್ಡವನ್ನು ಜೋಡಿಯಾಗಿ ಹತ್ತಬೇಕೆಂದು ಹೆಂಡತಿ ಲಕ್ಷ್ಮಿಬಾಯಿಯ ಜೊತೆ ಮಾತಾಗಿತ್ತು. ಆಕೆ ಹೋದ ವರ್ಷ ತೀರಿಹೋದರು. ಜನವರಿಯಲ್ಲಿ ಬೇಡಕಿಹಾಳದಿಂದ ಯಾತ್ರೆಯ ಬಸ್ಸು ಹೊರಡುತ್ತದೆಂದು ತಿಳಿದದ್ದೇ ಇವರು ಯಾರನ್ನೂ ಕೇಳದೆ ಹೆಸರು ಹಚ್ಚಿಸಿಬಿಟ್ಟರು. "ಎದಿಗೆ ಥಂಡಿ ಇಳೀತಂದ್ರ ತಿರುಗಿ ನನ್ನ ಕಡೆ ತರಬ್ಯಾಡ್ರಿ," ಅಂದಿದ್ದರು ಡಾಕ್ಟರು. ಬ್ರಾಹ್ಮಿ ಅಂಕಲಿಯಲ್ಲಿದ್ದ ಗಂಡನ ಮನೆಯಿಂದ ಓಡಿಬಂದು, ಅತ್ತು, ಜಗಳಾಡಿ, ಕಡೆಗೆ ಎರಡು ಮಾತಿಗೆ ಒಪ್ಪಿಸಿದ್ದಳು: ಗುಡ್ಡವನ್ನು ಡೋಲಿಯಲ್ಲಿ ಕೂತು ಹತ್ತಬೇಕು, ತಾನು ತಂದ ಜಾಕೀಟು ಹಾಕಬೇಕು. ಅಂಗಡಿಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನದನ್ನೇ ಆರಿಸಿ, ಪಟ್ಟಿ ಕತ್ತರಿಸಿ, ಒಳಗೆ ಪಾಲಿಸ್ಟರ್ ಐತಿ ಅಂತ ಹೇಳಿ ಕೊಟ್ಟಿದ್ದಳು.

"ಅಪ್ಪಾ, ಮುನಿಗಳ ಕೈಯಾಗ ನವಿಲುಗರಿ ಪಿಂಛಿ ಇರಂಗಿಲ್ಲೇನು?"

"ಅದು ನವಿಲು ತಾನಾಗೇ ಉದುರಿಸಿದ್ದು. ಇದನ್ನ ಯಾರು ಉದುರಿಸ್ಯಾರು?"

ಬ್ರಾಹ್ಮಿ ಜಾಕೀಟನ್ನು ಮಡಚಿ ಪಕ್ಕಕ್ಕೆ ಸರಿಸಿದಳು.

"ಪುಕ್ಕ ಇಲ್ಲದ್ದು ತೋರಸಪಾ," ಅಂದರು ಬಾಹುಬಲಿ.

ಸಂಗ್ರಾಮ ತೆಳ್ಳಗಿನದೊಂದನ್ನು ಹರವಿದ. "ಇದಕ್ಕ ಸಾಫ್ಟ್ ಶೆಲ್ ಅಂತಾರ್ರಿ. ಪೂರಾ ಕಾರಖಾನಿ ನೂಲು, ಯಾವ ಜೀವದ್ದೂ ಅಲ್ಲ. ಗಾಳಿ ತಡೀತೈತಿ, ಬೆವರು ಒಳಗ ನಿಲ್ಲಗೊಡಂಗಿಲ್ಲ. ಆದ್ರ ಖರೇ ಹೇಳ್ತೇನ್ರಿ ಕಾಕಾ, ಇದು ನಡಿಯಾವ್ರದು. ಮೈ ಕಾದಷ್ಟೂ ಕಾಯತೈತಿ. ಡೋಲಿನ್ಯಾಗ ಸುಮ್ನ ಕೂತ್ರಂದ್ರ ಗಡಗಡ ನಡಗತೀರಿ."

"ಹಂಗಾರ ಇದ ಇರ್ಲಿ. ನಾ ನಡೀತೇನಿ."

"ಅಪ್ಪಾ! ಡೋಲಿಗೆ ಹೂಂ ಅಂದಿದ್ದಿ ನೀ!"

"ನೀ ಪಾಲಿಸ್ಟರ್ ಅಂದಿದ್ದಿ." ದನಿಯಲ್ಲಿ ಸಿಟ್ಟೇ ಇರಲಿಲ್ಲ; ಇದ್ದಿದ್ದರೆ ಅವಳೂ ಜಗಳಾಡುತ್ತಿದ್ದಳು. "ಮೂರು ದಿವ್ಸದ ಪಾಪ ಮೈಮ್ಯಾಲ ಐತಿ, ತಂಗಿ. ಮಂದಿ ಹೆಗಲ ಮ್ಯಾಲ ಕೂತು ಅದನ್ನ ಹ್ಯಾಂಗ ಕಳಕೊಳ್ಳಲಿ? ಬರಿಗಾಲಲೇ ಹತ್ತತೇನಿ."

"ಇಪ್ಪತ್ತೇಳು ಕಿಲೋಮೀಟರ್ ಐತಿ ಅಪ್ಪಾ."

"ನಿಮ್ಮವ್ವಗ ಅದು ಗೊತ್ತಿತ್ತು."

ಸಂಗ್ರಾಮ ಅದೇ ಜಾತಿಯ ಇನ್ನೆರಡನ್ನು ಇಳಿಸಿಟ್ಟ. "ಬಣ್ಣ ಯಾವುದ್ರಿ? ಕರೀದೈತಿ, ನೀಲಿ ಐತಿ, ಕೇಸರಿ ಐತಿ. ಕೇಸರಿ ಆದ್ರ ಮಂಜಿನ್ಯಾಗೂ ದೂರದಿಂದ ಕಾಣ್ತೀರಿ."

"ಕಂಡು ಏನ್ ಮಾಡೂದೋ? ನನ್ನೇನು ಮತ್ತ ವರಾ ಅಂತ ನೋಡಾಕ ಬರ್ತಾರೇನು?" ಬಾಹುಬಲಿ ನಕ್ಕರು. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಕಾಯ್ದರು.

"ಕೇಸರೀನ ಕೊಡ್ರಿ," ಅಂದಳು ಬ್ರಾಹ್ಮಿ.

ಕೊಳ್ಳುವ ಮುಂಚೆ ಹಾಕಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿ ನೋಡುವುದು ಆ ಅಂಗಡಿಯ ಪದ್ಧತಿ. ಬಗಲಲ್ಲಿ ಜಗ್ಗುತ್ತದೆಯೋ ಇಲ್ಲವೋ ತಿಳಿಯಲಿ ಅಂತ. ಹದಿನೈದು ಮೆಟ್ಟಿಲು. ಬಾಹುಬಲಿ ಚಪ್ಪಲಿ ಬಿಟ್ಟರು. ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು, ಯಾರ ಕೈಯನ್ನೂ ಹಿಡಿಯದೆ ಹತ್ತತೊಡಗಿದರು. ಆರನೆಯ ಮೆಟ್ಟಿಲಿಗೆ ನಿಂತರು. ಒಂದು ಕೈ ಗೋಡೆಗೆ ಹೋಯಿತು. ಕೇಸರಿ ಬೆನ್ನು ಏಳುತ್ತಿತ್ತು, ಇಳಿಯುತ್ತಿತ್ತು.

"ಜಗ್ಗತೈತೇನ್ರಿ ಕಾಕಾ?" ಸಂಗ್ರಾಮ ಕೆಳಗಿನಿಂದ ಕೇಳಿದ.

ಬಾಹುಬಲಿ ತಿರುಗದೆಯೇ ಉಸಿರು ಎಳೆದುಕೊಂಡರು.

"ಇಲ್ಲಪಾ. ಬರೋಬ್ಬರಿ ಐತಿ."

ಬಾಗಿಲಾಚೆ ಚಿಕ್ಕೋಡಿಯ ಬಸ್ಸು ಹಾದುಹೋಯಿತು. ಅದರ ಗಾಳಿಗೆ ಪುಕ್ಕ ಕಾಗದ ಬಿಟ್ಟು ಏಳತೊಡಗಿತು. ಬ್ರಾಹ್ಮಿ ಮೆಟ್ಟಿಲಿನಿಂದ ಕಣ್ಣು ಕೀಳದೆ ಅದರ ಮೇಲೆ ಅಂಗೈ ಮುಚ್ಚಿದಳು.